ಅತಿಥಿಗಳನ್ನು ಬಸ್ಸು ಹತ್ತಿಸುವ ಕಲೆ

ಒಂದು ಸಮಾಜದ ಸಂಸ್ಕಾರವನ್ನು ಅಳೆಯಬೇಕಾದರೆ, ಅದು ಬಾಗಿಲಿಗೆ ಬಂದ ಅಪರಿಚಿತರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ನೋಡಬೇಕು. ದಾವಣಗೆರೆಯ ನಮ್ಮ ಸಿವಿಲ್ ಎಂಜಿನಿಯರುಗಳ ಸಂಘದ ಮಟ್ಟಿಗೆ ಈ ಅಳತೆ ತೆಗೆಯಲು ಒಂದು ತಾಂತ್ರಿಕ ತೊಡಕಿತ್ತು. ನಾವು ಬರಮಾಡಿಕೊಂಡ ಅಪರಿಚಿತರು ಯಾರೂ ಎರಡನೇ ಸಲ ಬರುತ್ತಿರಲಿಲ್ಲ. ಹಾಗಾಗಿ ಅವರನ್ನು ಕೇಳಿ ತಿಳಿದುಕೊಳ್ಳುವ ಅವಕಾಶವೇ ಒದಗಿರಲಿಲ್ಲ.

ಬರಮಾಡಿಕೊಳ್ಳುವ ಹೊಣೆ ನನ್ನದು. ಸ್ವಾಗತ ಸಮಿತಿಯ ಅಧ್ಯಕ್ಷ ನಾನು. ಸಮಿತಿ ಎಂದ ಕೂಡಲೇ ಬಹಳ ಜನ ಇದ್ದಾರೆಂದು ತಿಳಿಯಬಾರದು. ಅಧ್ಯಕ್ಷ, ಸಂಚಾಲಕ, ಸದಸ್ಯ ಎಲ್ಲವೂ ನಾನೇ. ಸಭೆ ಕರೆದರೆ ಕೋರಂ ಕೊರತೆ ಬೀಳುತ್ತಿರಲಿಲ್ಲ, ನಿರ್ಣಯಗಳೆಲ್ಲ ಸರ್ವಾನುಮತದಿಂದ ಪಾಸಾಗುತ್ತಿದ್ದವು. ಈ ಹುದ್ದೆಗೆ ನನ್ನನ್ನು ಆರಿಸಿದಾಗ ಸಂಘದ ಅಧ್ಯಕ್ಷರು, "ನಿಮಗೆ ಮಾತು ಚೆನ್ನಾಗಿ ಬರ್ತೈತಲ್ರೀ, ನೀವೇ ಸರಿ" ಎಂದಿದ್ದರು. ಅದಕ್ಕೆ ಮುಂಚೆ ನಾನು ತಾಂತ್ರಿಕ ಸಮಿತಿಯಲ್ಲಿದ್ದೆ. ಅಲ್ಲಿಂದ ನನ್ನನ್ನು ಗೌರವಪೂರ್ವಕವಾಗಿ ಎಬ್ಬಿಸಿ ಇಲ್ಲಿ ಕೂರಿಸಿದ್ದಕ್ಕೆ ಉಕ್ಕಡಗಾತ್ರಿಯಲ್ಲಿ ನಾನು ಮಾಡಿದ ಒಂದು ಕೆಲಸವೇ ಕಾರಣವೆಂದು ನನಗಾಗದವರು ಹೇಳುತ್ತಾರೆ. ಆ ವಿಷಯಕ್ಕೆ ನಾನಾಗಿ ಬರುವುದಿಲ್ಲ. ಬೇರೆಯವರು ಎಳೆದು ತಂದಾಗ ನೋಡೋಣ.

ಹುದ್ದೆ ಸಿಕ್ಕ ಸುದ್ದಿಯನ್ನು ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. "ಮನೆಗೆ ಯಾರಾದ್ರೂ ಬಂದ್ರೆ ಒಂದು ಲೋಟ ನೀರು ಕೊಡೋಕೂ ನನ್ನನ್ನೇ ಕೂಗ್ತೀರಿ. ಅಲ್ಲಿ ಹೋಗಿ ಸ್ವಾಗತ ಮಾಡ್ತಾರಂತೆ!" ಎಂದಳು. ಸಾರ್ವಜನಿಕ ಜೀವನಕ್ಕೂ ಖಾಸಗಿ ಜೀವನಕ್ಕೂ ಇರುವ ವ್ಯತ್ಯಾಸವನ್ನು ಆಕೆಗೆ ವಿವರಿಸಲು ಹೋಗಲಿಲ್ಲ. ಸೊಪ್ಪಿನ ಜೊತೆ ನನ್ನನ್ನೂ ಬಿಡಿಸುವ ಲಕ್ಷಣ ಕಾಣುತ್ತಿತ್ತು.

ನಮ್ಮ ಸಭೆ ತಿಂಗಳಿಗೊಮ್ಮೆ, ಶನಿವಾರ ಸಂಜೆ, ವಿನೋಬನಗರದಲ್ಲಿ ಒಂದು ಟೈಲ್ಸ್ ಅಂಗಡಿಯ ಮಹಡಿಯ ಮೇಲೆ ನಡೆಯುತ್ತದೆ. ಹೊಸಬರು ಮೆಟ್ಟಿಲು ಹತ್ತಿ ಬಂದರೆ ಮೊದಲು ಅವರಿಗೆ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ. ಏಕೆಂದರೆ ಎಲ್ಲ ಕುರ್ಚಿಗಳಿಗೂ ವಾರಸುದಾರರಿದ್ದಾರೆ. ಫ್ಯಾನಿನ ಕೆಳಗಿನದು ಕಾರ್ಯದರ್ಶಿಗಳದು, ಕಿಟಕಿ ಪಕ್ಕದ್ದು ಹೊಗೆಸೊಪ್ಪು ಉಗುಳುವ ಹಿರಿಯರೊಬ್ಬರದು, ಕೈ ಮುರಿದದ್ದು ನನ್ನದು. ಖಾಲಿ ಇದೆಯೆಂದು ಹೊಸಬರು ಕೂತರೆ ಯಾರೂ ಏಳಿ ಎನ್ನುವುದಿಲ್ಲ. ನಾವು ಅಷ್ಟು ಒರಟರಲ್ಲ. ಕುರ್ಚಿಯ ವಾರಸುದಾರ ಬಂದು ಅವರ ಪಕ್ಕ ಸುಮ್ಮನೆ ನಿಂತುಕೊಳ್ಳುತ್ತಾನೆ, ಅಷ್ಟೆ.

ಈ ಕೊರತೆ ನೀಗಿಸಲು ನಾನು ಒಂದು ಪದ್ಧತಿ ರೂಪಿಸಿದೆ. ಹೊಸಬರು ಯಾರೇ ಬರಲಿ, ಅವರನ್ನು ನೇರವಾಗಿ ವೇದಿಕೆಗೆ ಹತ್ತಿಸುವುದು. ಪ್ರಾರ್ಥನೆ. ಆಮೇಲೆ ನನ್ನ ಸ್ವಾಗತ ಭಾಷಣ. ಆಮೇಲೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ಫೋಟೋ. ಅಷ್ಟು ಹೊತ್ತಿಗೆ ಸಿಮೆಂಟ್ ಕಂಪನಿಯ ಪ್ರತಿನಿಧಿಯೋ ಪೇಂಟ್ ಕಂಪನಿಯ ಪ್ರತಿನಿಧಿಯೋ ಬಂದು ಉಪನ್ಯಾಸ ಕೊಡುತ್ತಿದ್ದರು. ಪರದೆಯ ಮೇಲೆ ಚಿತ್ರಗಳು ಓಡುತ್ತಿದ್ದವು, ಅತಿಥಿಗಳು ಪೇಟ ಹೊತ್ತು ನೋಡುತ್ತಿದ್ದರು. ವಂದನಾರ್ಪಣೆ ಮುಗಿದ ಕೂಡಲೇ ನಾನೇ ಅವರ ಕೈಹಿಡಿದು ಮೆಟ್ಟಿಲಿಳಿಸಿ, ಆಟೋ ಹತ್ತಿಸಿ, ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸುತ್ತಿದ್ದೆ. ಅತಿಥಿ ಹೊರಟ ಮೇಲೆ ಕೈ ಬೀಸುವವರು ಈ ಕಾಲದಲ್ಲಿ ಎಷ್ಟು ಜನ ಇದ್ದಾರೆ ಎಂದು ನನಗೆ ನನ್ನ ಮೇಲೇ ಗೌರವ ಉಕ್ಕುತ್ತಿತ್ತು.

ಅತಿಥಿಯ ಆಟೋ ಮರೆಯಾದದ್ದು ಖಾತ್ರಿಯಾದ ಮೇಲೆ ಸದಸ್ಯರೆಲ್ಲ ಒಬ್ಬೊಬ್ಬರಾಗಿ ಕೆಳಗಿಳಿಯುತ್ತಿದ್ದರು. ಟೈಲ್ಸ್ ಅಂಗಡಿಯ ಎದುರಿಗೆ ಒಂದು ಮಂಡಕ್ಕಿ ಗಾಡಿ ಇದೆ. ಬಿಸಿ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ, ಪೇಪರಿನಲ್ಲಿ ಖಾರ ಮಂಡಕ್ಕಿ, ಮೇಲೆ ಈರುಳ್ಳಿ. ಅಲ್ಲಿ ನಿಂತು ನಾವು ಒಂದು ಗಂಟೆಯಾದರೂ ಮಾತಾಡುತ್ತಿದ್ದೆವು. ಯಾವ ಕ್ವಾರಿಯ ಜಲ್ಲಿಯಲ್ಲಿ ಧೂಳು ಜಾಸ್ತಿ, ಯಾವ ಮೇಸ್ತ್ರಿ ಸ್ಲ್ಯಾಬ್ ಹಾಕುವ ದಿನವೇ ಮದುವೆಗೆ ಹೋಗುತ್ತಾನೆ, ಯಾರ ಪ್ಲಾನ್ ಯಾವ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡಿದೆ, ಯಾರ ಕಟ್ಟಡ ಬಿರುಕು ಬಿಟ್ಟಿದೆ, ಅದಕ್ಕೆ ಏನು ಮಾಡಬೇಕು. ಇದೆಲ್ಲ ಅಲ್ಲೇ. ಮೇಲೆ ಮಹಡಿಯಲ್ಲಿ ಈ ವಿಷಯಗಳು ಯಾವ ತಿಂಗಳೂ ಬಂದದ್ದಿಲ್ಲ.

ಅತಿಥಿಗಳನ್ನೂ ಗಾಡಿಯ ಹತ್ತಿರ ಕರೆದುಕೊಂಡು ಬರೋಣ ಎಂದು ಒಮ್ಮೆ ಕಾರ್ಯದರ್ಶಿಗಳು ಸೂಚಿಸಿದ್ದರು. ನಾನು ತೀವ್ರವಾಗಿ ವಿರೋಧಿಸಿದೆ. ಶಾಲು ಹೊದಿಸಿಕೊಂಡವರನ್ನು ಬೀದಿಯಲ್ಲಿ ನಿಲ್ಲಿಸಿ ಹಳೇ ಪೇಪರಿನಲ್ಲಿ ಮಂಡಕ್ಕಿ ಕೊಡುವುದೇ? ಸಂಘದ ಘನತೆ ಏನಾಗಬೇಕು? ಅತಿಥಿಗಳು ಹೊರಡುವ ತನಕ ಯಾವ ಸದಸ್ಯನೂ ಗಾಡಿಯ ಕಡೆ ಸುಳಿಯತಕ್ಕದ್ದಲ್ಲ ಎಂದು ನಿರ್ಣಯವನ್ನೇ ಮಾಡಿಸಿದೆ. ಅವತ್ತಿನಿಂದ ಅತಿಥಿಗಳನ್ನು ಬೇಗ ಬಸ್ಸು ಹತ್ತಿಸುವುದರಲ್ಲಿ ಇಡೀ ಸಂಘ ನನಗೆ ಸಹಕರಿಸತೊಡಗಿತು. ಮೇಲೆ ವಂದನಾರ್ಪಣೆ ನಡೆಯುವಾಗಲೇ ಕೆಳಗಿನಿಂದ ಬಾಣಲೆಯ ವಾಸನೆ ಬರುತ್ತಿತ್ತು. ಕಾರ್ಯದರ್ಶಿಗಳು ತಾವೇ ಹೋಗಿ ಆಟೋ ತರುತ್ತಿದ್ದರು.

ಹೀಗಿರುವಾಗ ಅಧ್ಯಕ್ಷರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದರು. ಅವರು ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ.

"ಏನ್ರೀ, ಹರಿಹರದಿಂದ ಒಬ್ರೂ ಸಂಘಕ್ಕೆ ಸೇರವಲ್ರಲ್ಲ. ಬರ್ತಾರೆ, ಶಾಲು ಹೊದ್ದು ಹೋಗ್ತಾರೆ, ಮತ್ತೆ ಮುಖ ತೋರಸಂಗಿಲ್ಲ. ಯಾಕ?"

"ಸ್ವಾಗತದಲ್ಲಿ ಏನಾದರೂ ಕೊರತೆಯಾಗಿರಬೇಕು," ಎಂದೆ ನಾನು ಗಂಭೀರವಾಗಿ.

"ಕೊರತೆನಾ? ಹೋದ ಸಲ ಬಂದೋರಿಗೆ ಹಾರದ ಭಾರಕ್ಕೆ ಕುತ್ತಿಗೆ ಎತ್ತೋಕೆ ಆಗಿರಲಿಲ್ಲ."

"ಹಾಗಾದರೆ ಆಹ್ವಾನದಲ್ಲೇ ಕೊರತೆ. ಈ ಸಲ ನಾನೇ ಖುದ್ದಾಗಿ ಹರಿಹರಕ್ಕೆ ಹೋಗಿ ಕರೆಯುತ್ತೇನೆ."

ಅಧ್ಯಕ್ಷರು ಮೀಸೆ ಸವರಿಕೊಂಡರು. ಒಪ್ಪಿಗೆ ಎಂದು ತಿಳಿದೆ.

ಹರಿಹರದಲ್ಲಿ ಹೊಸದಾಗಿ ಆಫೀಸು ತೆರೆದ ಎಂಜಿನಿಯರ್ ಒಬ್ಬರಿದ್ದಾರೆ, ಹೆಣ್ಣುಮಗಳು, ಒಬ್ಬರೇ ಕೆಲಸ ಮಾಡುತ್ತಾರೆ ಎಂದು ಕಬ್ಬಿಣದ ಅಂಗಡಿಯವರಿಂದ ತಿಳಿದಿತ್ತು. ವಾರದ ನಡುವೆ ಒಂದು ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದೇ ಶಟರಿನ ಆಫೀಸು. ಒಂದು ಮೇಜು, ಒಂದು ಕಂಪ್ಯೂಟರು, ಮೂಲೆಯಲ್ಲಿ ಕೆಸರು ಮೆತ್ತಿದ ಗಂಬೂಟು. ಆಕೆ ನನ್ನನ್ನು ಕಂಡ ಕೂಡಲೇ ಎದ್ದು, ಫ್ಯಾನನ್ನು ನನ್ನ ಕಡೆ ತಿರುಗಿಸಿ, "ಕೂಡ್ರಿ ಸರ್, ಬಿಸಿಲಾಗೆ ಬಂದೀರಿ, ನೀರು ಕುಡೀರಿ" ಎಂದರು. ಸ್ವಾಗತವೆಲ್ಲ ಅಷ್ಟರಲ್ಲೇ ಮುಗಿದುಹೋಯಿತು. ಪಾಪ, ಅನುಭವ ಸಾಲದು ಎಂದುಕೊಂಡೆ.

ನಾನು ಸಂಘದ ಹಿರಿಮೆ ಹೇಳಿ ಆಹ್ವಾನ ಪತ್ರಿಕೆ ಕೊಟ್ಟೆ. ಆಕೆ ಅದನ್ನು ನೋಡಿ ಮೇಜಿನ ಮೇಲಿಟ್ಟು ಕೇಳಿದರು.

"ಸರ್, ಅಲ್ಲಿ ದೊಡ್ಡೋರೆಲ್ಲ ಬರ್ತಾರಲ್ರಿ? ಒಂದು ವಿಷಯ ಕೇಳಬಹುದಾ?"

"ಒಂದೇಕೆ, ಹತ್ತು ಕೇಳಮ್ಮಾ. ಸಂಘ ಇರುವುದೇ ಅದಕ್ಕೆ."

"ಭಾನುವಳ್ಳಿಯಾಗ ಒಂದು ಮನೆ ಹಿಡಿದೀನ್ರಿ. ನನ್ನ ಸ್ವಂತ ಮೊದಲ್ನೇ ಕೆಲಸ. ಪಕ್ಕದಾಗೇ ಗದ್ದೆಗೆ ನೀರು ಹೋಗೋ ಚಾನಲ್ ಐತೆ. ಪಾಯದ ಫುಟಿಂಗಿಗೆ ಗುಂಡಿ ತೆಗೆದ್ರೆ ಬೆಳಗಾಗೋದ್ರೊಳಗೆ ಮೊಣಕಾಲುದ್ದ ನೀರು. ಪಂಪ್ ಇಟ್ಟು ಹೊಡೀತೀನಿ, ಸಂಜೆಗೆ ಮತ್ತೆ ಅಷ್ಟೇ. ಮನೆ ಯಜಮಾನ್ರು ಸೋಮವಾರದ ತನಕ ನೋಡ್ತೀನಿ ಅಂದಾರೆ. ಆಮೇಲೆ ಬ್ಯಾರೆ ಎಂಜಿನಿಯರ್‌ಗೆ ಕೊಡ್ತಾರಂತೆ. ಮೊದಲ್ನೇ ಕೆಲಸನೇ ಕೈಬಿಟ್ರೆ ಈ ಊರಾಗೆ ನನ್ನ ಶಟರ್ ಮೇಲೇಳಲ್ಲ ಸರ್."

ಇದು ನಮ್ಮ ಕಸುಬಿನಲ್ಲಿ ಅಪರೂಪದ ತಾಪತ್ರಯವೇನಲ್ಲ. ಯಾರೇ ಆಗಲಿ ಅಲ್ಲಿಯೇ ಒಂದು ಕಾಗದ ಎಳೆದುಕೊಂಡು ನಾಲ್ಕು ಗೆರೆ ಹಾಕಿ ತೋರಿಸುತ್ತಿದ್ದರು. ನನ್ನ ತಲೆಯಲ್ಲಿ ಆ ಹೊತ್ತಿನಲ್ಲಿ ಓಡುತ್ತಿದ್ದದ್ದು ಶಾಲು ಮೆರೂನ್ ಇರಲೋ ಹಸಿರು ಇರಲೋ ಎಂಬ ಪ್ರಶ್ನೆ. "ಡ್ರಾಯಿಂಗ್ ತೆಗೆದುಕೊಂಡು ಶನಿವಾರ ಬಾಮ್ಮ, ಸಭೆಯಲ್ಲೇ ಎಲ್ಲರ ಮುಂದೆ ಇಡೋಣ" ಎಂದು ಅಭಯ ಕೊಟ್ಟು, ಆಕೆ ತರಿಸಿದ ಟೀ ಕುಡಿದು ಬಸ್ಸು ಹತ್ತಿದೆ.

ಶನಿವಾರ ಸಂಜೆ ಆಕೆ ಎಲ್ಲರಿಗಿಂತ ಮೊದಲೇ ಬಂದಿದ್ದರು. ಕೈಯಲ್ಲಿ ಡ್ರಾಯಿಂಗಿನ ಸುರುಳಿ. ಖಾಲಿ ಕುರ್ಚಿಯೊಂದರಲ್ಲಿ ಕೂತಿದ್ದರು, ಅದರ ಪಕ್ಕ ಕಿಟಕಿಯ ಹಿರಿಯರು ಸುಮ್ಮನೆ ನಿಂತಿದ್ದರು. ನಾನು ಧಾವಿಸಿ, "ಮೇಡಂ, ಮೇಡಂ, ತಾವು ಇಲ್ಲಿ ಕೂರುವುದೇ? ವೇದಿಕೆಗೆ ದಯಮಾಡಿಸಬೇಕು" ಎಂದು ಕರೆದೊಯ್ದೆ. ಹರಿಹರದಲ್ಲಿ ಅಮ್ಮಾ ಆಗಿದ್ದವರು ವಿನೋಬನಗರದಲ್ಲಿ ಮೇಡಂ ಆದರು. ಸಭೆ ಎಂದರೆ ಸಭೆ.

ಅವತ್ತಿನ ನನ್ನ ಸ್ವಾಗತ ಭಾಷಣವನ್ನು ನಾನು ಈಗಲೂ ನನ್ನ ಶ್ರೇಷ್ಠ ಕೃತಿಯೆಂದೇ ಭಾವಿಸಿದ್ದೇನೆ. ನಮ್ಮೂರಿನ ಹತ್ತಿ ಗಿರಣಿಗಳ ಕಾಲದಿಂದ ಶುರು ಮಾಡಿದೆ. ಹರಿಯೂ ಹರನೂ ಒಂದೇ ಮೈಯಲ್ಲಿ ನಿಂತ ಊರಿನಿಂದ ಬಂದವರು ಎಂದೆ. ಹರಿಹರ ಮತ್ತು ದಾವಣಗೆರೆ ಎರಡು ಕಂಬಗಳು, ನಮ್ಮ ಸಂಘ ಅವುಗಳ ಮೇಲಿನ ತೊಲೆ ಎಂದೆ. ಈ ಉಪಮೆ ಹೊಳೆದದ್ದು ಅಲ್ಲೇ, ನಿಂತ ನಿಲುವಿನಲ್ಲಿ. ಅದರಿಂದ ನನಗೇ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ಸಲ ಹೇಳಿದೆ. ನಡುವೆ ಆಕೆ ಮೆಲ್ಲಗೆ ಕೈ ಎತ್ತಿದ್ದು ಕಂಡಿತು. ಭಾವುಕರಾಗಿದ್ದಾರೆ, ಕೃತಜ್ಞತೆ ಹೇಳಲು ಹೊರಟಿದ್ದಾರೆ ಎಂದುಕೊಂಡೆ. "ಇರಲಿ ಮೇಡಂ, ಇದು ನಮ್ಮ ಕರ್ತವ್ಯ" ಎಂದು ಕೈ ಇಳಿಸಲು ಸನ್ನೆ ಮಾಡಿದೆ.

ಸನ್ಮಾನದ ಹೊತ್ತಿಗೆ ಒಂದು ಅಡಚಣೆ ಬಂತು. ಆಕೆಯ ಕೈಯಲ್ಲಿ ಸುರುಳಿ ಇತ್ತು. ಹಣ್ಣಿನ ಬುಟ್ಟಿ ಹಿಡಿಯಲು ಎರಡೂ ಕೈ ಬೇಕು. ನಾನು ಸುರುಳಿಯನ್ನು ಬಹಳ ವಿನಯದಿಂದ ಆಕೆಯ ಕೈಯಿಂದ ಬಿಡಿಸಿ, ವೇದಿಕೆಯ ಹಿಂದೆ, ಶಾಲಿನ ಖಾಲಿ ಡಬ್ಬಗಳ ಪಕ್ಕ ನಿಲ್ಲಿಸಿದೆ. ಆಕೆಯ ಕಣ್ಣು ಅದರ ಹಿಂದೆಯೇ ಹೋಯಿತು. ಪೇಟ ಗಂಡಸರ ಅಳತೆಯದು, ಹುಬ್ಬಿನವರೆಗೆ ಇಳಿದುಬಿಟ್ಟಿತು. ಫೋಟೋದಲ್ಲಿ ಆಕೆಯ ಮೂಗು ಮತ್ತು ಹಾರ ಬಂದಿವೆ, ಪಕ್ಕದಲ್ಲಿ ನಾನು ಪೂರ್ತಿ ಬಂದಿದ್ದೇನೆ.

ಆಮೇಲೆ ಸಿಮೆಂಟ್ ಕಂಪನಿಯವರು ಬಹಳ ಚಿತ್ರಗಳನ್ನು ತೋರಿಸಿದರು. ಕೆಳಗಿನಿಂದ ಬಾಣಲೆಯ ವಾಸನೆ ಬಂತು. ವಂದನಾರ್ಪಣೆ ಎಂದೂ ಇಲ್ಲದ ವೇಗದಲ್ಲಿ ಮುಗಿಯಿತು. ಕಾರ್ಯದರ್ಶಿಗಳು ಆಗಲೇ ಆಟೋ ತಂದು ನಿಲ್ಲಿಸಿದ್ದರು.

"ಸರ್, ನನ್ನ ಭಾನುವಳ್ಳಿ ಕೆಲಸ..." ಎಂದರು ಆಕೆ ಮೆಟ್ಟಿಲಲ್ಲಿ.

"ಖಂಡಿತ, ಖಂಡಿತ. ಮುಂದಿನ ತಿಂಗಳ ಸಭೆಯಲ್ಲಿ ಮೊದಲನೇ ವಿಷಯವೇ ಅದು. ಈಗ ಬಸ್ಸು ತಪ್ಪುತ್ತದೆ ಮೇಡಂ."

ಹರಿಹರಕ್ಕೆ ಬಸ್ಸು ತಪ್ಪುವುದೆಂದರೆ ಏನು? ಒಂದು ಹೋದರೆ ಬೆನ್ನಿಗೇ ಇನ್ನೊಂದು ಬರುತ್ತದೆ. ಆಕೆಗೂ ಅದು ಗೊತ್ತು, ದಿನಾ ಓಡಾಡುವವರು. ಆದರೂ ಆಟೋ ಹತ್ತಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಪದ್ಧತಿಯ ಪ್ರಕಾರ ಕೈ ಬೀಸಿದೆ. ಅವತ್ತು ಆ ಕಡೆಯಿಂದ ಕೈ ಬೀಸಲಿಲ್ಲ. ಬುಟ್ಟಿ ಭಾರ ಇದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಗಾಡಿಯ ಹತ್ತಿರ ಬಂದಾಗ ಆಗಲೇ ಎಲ್ಲರ ಕೈಯಲ್ಲೂ ಪೊಟ್ಟಣ ಇತ್ತು. ನನ್ನ ಭಾಷಣ ಹೇಗಿತ್ತು ಎಂದು ಕೇಳಿದೆ. ಕಿಟಕಿಯ ಹಿರಿಯರು ಮಂಡಕ್ಕಿ ಅಗಿಯುತ್ತಾ, "ಬಾಳ ಚಲೋ ಇತ್ರಿ. ನಾನು ಎರಡು ಸಲ ಎದ್ದು ನೋಡಿದೆ, ಇನ್ನೂ ನಡೆದಿತ್ತು" ಎಂದರು.

"ಭಾಷಣ ನಿಂತಿದ್ದೇ ಆಶ್ಚರ್ಯ," ಎಂದರು ಕಾರ್ಯದರ್ಶಿಗಳು. "ಇವರು ಶುರು ಮಾಡಿದ್ರೆ ಉಕ್ಕಡಗಾತ್ರಿ ಪಂಪ್ ಇದ್ದಂಗೆ, ಬಂದ್ ಆಗಂಗಿಲ್ಲ."

ಎಲ್ಲರೂ ನಕ್ಕರು. ಬೇರೆಯವರೇ ಎಳೆದು ತಂದದ್ದರಿಂದ ನಾನೂ ಈಗ ಆ ವಿಷಯ ಹೇಳಲೇಬೇಕು. ಆದರೆ ಹೇಳುವ ಹಕ್ಕು ನನ್ನದಲ್ಲ. ಆ ಕಥೆಯನ್ನು ಗಾಡಿಯ ಹತ್ತಿರ ಹೇಳುವವರು ಅಧ್ಯಕ್ಷರೇ. ಆ ಸಣ್ಣ ದನಿಯಲ್ಲಿ, ಪ್ರತಿ ತಿಂಗಳೂ, ಹೊಸದೇನೋ ಎಂಬಂತೆ. ಅವತ್ತೂ ಶುರು ಮಾಡಿದರು.

"ಇವರು ಉಕ್ಕಡಗಾತ್ರಿಯಾಗೆ ಅಜ್ಜಯ್ಯನ ಗುಡಿಗೆ ಬರೋ ಯಾತ್ರಿಕರು ಉಳಿಯೋಕೆ ಒಂದು ಕಟ್ಟಡ ಹಿಡಿದ್ರು. ಹೊಳೆ ದಂಡೆ. ಗುಂಡಿ ತೆಗೆದ್ರೆ ನೀರು. ಇವರು ಪಂಪ್ ತಂದಿಟ್ರು. ಹೊಡೆದ್ರು, ಹೊಡೆದ್ರು, ಡೀಸೆಲ್ ಮುಗೀತೇ ಹೊರತು ನೀರು ಮುಗೀಲಿಲ್ಲ. ದೊಡ್ಡ ಪಂಪ್ ತಂದ್ರು. ನೀರು ಇನ್ನೂ ಜೋರಾಗಿ ಬಂತು! ತುಂಗಭದ್ರೆನ್ನೇ ಖಾಲಿ ಮಾಡ್ಬೇಕು ಅಂತ ಹಟ ಹಿಡಿದ್ರು ಇವರು. ಜನ ಬಂದು ನೋಡೋಕೆ ಶುರು ಮಾಡಿದ್ರು. ಎಷ್ಟು ಎತ್ತಿದ್ರೂ ಬತ್ತಂಗಿಲ್ಲ, ಇದು ಅಜ್ಜಯ್ಯನ ತೀರ್ಥ ಅಂತ ಬಾಟ್ಲಿಗೆ ತುಂಬ್ಕೊಂಡ್ರು. ಒಬ್ಬಜ್ಜಿ ಪಂಪಿಗೆ ಕುಂಕುಮ ಹಚ್ಚಿ, ಇವರ ಕಾಲಿಗೂ ಬಿದ್ಲು."

"ಬಿದ್ದದ್ದು ಪಂಪಿನ ಕಾಲಿಗೆ," ಎಂದು ನಾನು ತಿದ್ದಿದೆ. ಸತ್ಯಕ್ಕೆ ಅಪಚಾರವಾಗಬಾರದು.

"ಆಮೇಲೆ ನಾನು ಹೋಗಿ ನೋಡ್ತೀನಿ, ಪೈಪಿನ ಬಾಯಿನ ಗುಂಡಿ ಪಕ್ಕದ ದಿಬ್ಬದ ಮೇಲೆ ಬಿಟ್ಟಾರೆ! ಎತ್ತಿದ ನೀರು ದಿಬ್ಬದಾಗೆ ಇಂಗೋದು, ಕೆಳಗೆ ಗರಸು ಮಣ್ಣಾಗೆ ಇಳಿದು ತಿರುಗಿ ಗುಂಡಿಗೇ ಬರೋದು. ವಾರಗಟ್ಟಲೆ ಅದೇ ನೀರನ್ನ ಸುತ್ತಾಡಿಸ್ಯಾರೆ ಪುಣ್ಯಾತ್ಮರು!"

ಎಲ್ಲರ ಜೊತೆ ನಾನೂ ನಕ್ಕೆ. ನನ್ನ ಅವಮಾನಕ್ಕೆ ನಾನು ನಗದಿದ್ದರೆ ಬೇರೆಯವರು ಇನ್ನೂ ಹೆಚ್ಚು ನಗುತ್ತಾರೆ ಎಂಬುದು ನನ್ನ ಅನುಭವ. ನಕ್ಕು, ಒಂದು ಬಿಸಿ ಮೆಣಸಿನಕಾಯಿಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡೆ. ಆಗಲೇ ಎದುರಿಗಿದ್ದ ಅಧ್ಯಕ್ಷರ ನಗು ಮೀಸೆಯೊಳಗೇ ನಿಂತುಹೋದದ್ದು ಕಂಡಿತು. ಅವರು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ.

ಹರಿಹರದ ಎಂಜಿನಿಯರ್ ನಿಂತಿದ್ದರು. ಕೊರಳಲ್ಲಿ ಹಾರ ಹಾಗೇ ಇತ್ತು. ಹಿಂದೆ ಆಟೋ ನಿಂತಿತ್ತು, ಸೀಟಿನ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಪೇಟ.

"ಡ್ರಾಯಿಂಗ್ ಮೇಲೇ ಉಳೀತು ಸರ್. ಅದಕ್ಕೆ ಆಟೋ ತಿರುಗಿಸ್ಕೊಂಡು ಬಂದೆ," ಎಂದರು. ಆಮೇಲೆ ಎಲ್ಲರನ್ನೂ, ಎಲ್ಲರ ಕೈಯ ಪೊಟ್ಟಣಗಳನ್ನೂ ಒಮ್ಮೆ ನೋಡಿದರು. "ಸಭೆ ಮುಗೀತು ಅಂದ್ರಲ್ರಿ?"

ಸ್ವಾಗತ ಸಮಿತಿಯ ಅಧ್ಯಕ್ಷರು ಉತ್ತರಿಸಬೇಕಾದ ಪ್ರಶ್ನೆ. ಆ ಸಮಿತಿಯ ಅಧ್ಯಕ್ಷರ ಬಾಯಲ್ಲಿ ಮೆಣಸಿನಕಾಯಿ ಇತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಣ್ಣಲ್ಲಿ ನೀರು ಬಂತು. ಕಾರಣ ಖಾರವೊಂದೇ ಎಂದು ಈ ಬರಹದ ಮೂಲಕ ಸ್ಪಷ್ಟಪಡಿಸುತ್ತೇನೆ.

ಆಟೋದವನು ನಡುವೆ ಬಾಯಿ ಹಾಕಿದ. "ಹಾರ ಹಾಕ್ಕೊಂಡು ಒಬ್ರೇ ಕೂತಿದ್ರು ಸಾರ್. ಮದುವೆಯಿಂದ ಎದ್ದು ಬಂದಾರೇನೋ ಅಂತ ನಾನೂ ಏನೂ ಕೇಳ್ಲಿಲ್ಲ."

ಆಕೆ ನಗಲಿಲ್ಲ. ಬೇರೇನೋ ಯೋಚಿಸುತ್ತಿದ್ದರು. ಅಧ್ಯಕ್ಷರ ಕಡೆ ತಿರುಗಿ, "ಸರ್, ಆ ಪೈಪು... ಗುಂಡಿ ಪಕ್ಕದಾಗೇ ಬಿಟ್ಟಿದ್ರಾ ಇವರು?" ಎಂದರು.

"ಹೂಂ. ಯಾಕ?"

"ನಾನೂ ಪಕ್ಕದ ಖಾಲಿ ಸೈಟಿಗೇ ಬಿಟ್ಟೀನ್ರಿ."

ಗಾಡಿಯವನೂ ಸೇರಿ ಎಲ್ಲರೂ ಒಟ್ಟಿಗೆ ನಕ್ಕರು. ಆಕೆಯೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಅಧ್ಯಕ್ಷರು ಗಾಡಿಯವನಿಗೆ, "ಏ, ಇನ್ನೊಂದು ಮಂಡಕ್ಕಿ ಹಾಕೋ, ಈರುಳ್ಳಿ ಜಾಸ್ತಿ" ಎಂದು ಕೂಗಿ, "ಬಾ ತಂಗಿ, ಈ ಕಡೆ ಬಾ. ಆ ಹಾರ ತೆಗೆದಿಡು ಮೊದಲು. ಡ್ರಾಯಿಂಗ್ ಎಲ್ಲೈತೆ?" ಎಂದರು. ಕಿಟಕಿಯ ಹಿರಿಯರು ತಾವು ಒರಗಿದ್ದ ಜಾಗವನ್ನು ಬಿಟ್ಟು ಸರಿದು ನಿಂತರು. ಈ ಹಿರಿಯರು ಯಾರಿಗಾದರೂ ಜಾಗ ಬಿಟ್ಟಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಕಾರ್ಯದರ್ಶಿಗಳು ಓಡಿಹೋಗಿ ಬೀಗ ತೆಗೆದು ಸುರುಳಿ ತಂದರು. ಅಧ್ಯಕ್ಷರ ಕಾರಿನ ಬಾನೆಟ್ಟಿನ ಮೇಲೆ ಅದನ್ನು ಹರವಿ, ನಾಲ್ಕು ಮೂಲೆಗೆ ನಾಲ್ಕು ಮಂಡಕ್ಕಿ ಪೊಟ್ಟಣ ಇಟ್ಟೆವು. ಎಣ್ಣೆಯ ಕಲೆ ಅಡುಗೆಮನೆಯ ಮೇಲೆ ಬಿತ್ತು. ಚಾನಲ್ ಯಾವ ಕಡೆ, ಇಳಿಜಾರು ಯಾವ ಕಡೆ, ಎರೆಮಣ್ಣು ಎಷ್ಟು ಆಳ, ಅದರ ಕೆಳಗೆ ಏನು, ಎಲ್ಲರೂ ಒಟ್ಟಿಗೇ ಕೇಳಿದರು, ಒಟ್ಟಿಗೇ ಜಗಳವಾಡಿದರು. ಆಕೆಯೂ ಜಗಳವಾಡಿದರು. ಕಿಟಕಿಯ ಹಿರಿಯರಿಗೆ, "ಅದು ಹಂಗಲ್ರಿ, ನೀವು ಸೈಟ್ ನೋಡಿಲ್ಲ" ಎಂದು ನೇರವಾಗಿ ಹೇಳಿದರು.

ಕೊನೆಗೆ ಅಧ್ಯಕ್ಷರು ನನ್ನನ್ನು ಮುಂದಕ್ಕೆ ತಳ್ಳಿದರು. "ಇದಕ್ಕೆ ಉತ್ತರ ಇವರ ಹತ್ರ ಐತೆ. ಆ ನೀರನ್ನ ಕಡೀಗೆ ನಿಲ್ಲಿಸಿದ್ದೂ ಇವರೇ. ಈಗ ಮಾತಾಡ್ರಿ ಸ್ವಾಗತ ಸಮಿತಿ. ಹತ್ತಿ ಗಿರಣಿ ಬ್ಯಾಡ."

ಹತ್ತಿ ಗಿರಣಿ ಇಲ್ಲದೆ ಮಾತು ಶುರು ಮಾಡುವುದು ನನಗೆ ಕಷ್ಟವೇ. ಆದರೂ ಹೇಳಿದೆ. ಗುಂಡಿಯೊಳಗಿಂದ ನೀರು ಎತ್ತಬ್ಯಾಡ. ಚಾನಲ್ ಕಡೆಗೆ, ಗುಂಡಿಗಿಂತ ಆಳವಾಗಿ ಉದ್ದಕ್ಕೆ ಒಂದು ಕಾಲುವೆ ತೋಡು, ಬರುವ ನೀರು ಮೊದಲು ಅಲ್ಲೇ ಸಿಕ್ಕಿಬೀಳಲಿ. ಅದರ ತುದಿಯಲ್ಲಿ ಇನ್ನೊಂದು ಆಳದ ಗುಂಡಿ, ಪಂಪು ಅಲ್ಲಿ. ಪೈಪು ಇಳಿಜಾರಿನ ಕೆಳಗೆ, ರಸ್ತೆಯ ಚರಂಡಿಯ ತನಕ. "ಉದ್ದ ಸಾಲದಿದ್ದರೆ ಇನ್ನೊಂದು ಪೈಪು ಕೂಡಿಸು. ಪೈಪಿನಲ್ಲಿ ಉಳಿಸೋಕೆ ಹೋಗಬ್ಯಾಡ, ನಾನು ಹೋಗಿ ಕೆಟ್ಟಿದ್ದೇ ಅಲ್ಲಿ" ಎಂದೆ. ಭಾಷಣ ಅಷ್ಟೇ. ಯಾರೂ ಎದ್ದು ನೋಡುವ ಪ್ರಸಂಗ ಬರಲಿಲ್ಲ, ಎಲ್ಲರೂ ನಿಂತೇ ಇದ್ದರು.

ಮರುದಿನ ಭಾನುವಾರ. ಆಕೆಯ ಜೊತೆ ಭಾನುವಳ್ಳಿಗೆ ಹೋದೆ. ಮನೆ ಕಟ್ಟಿಸುತ್ತಿದ್ದವರು ಊರಲ್ಲಿ ಕಿರಾಣಿ ಅಂಗಡಿ ಇಟ್ಟವರು, ಗದ್ದೆಯೂ ಇದೆ. ಲುಂಗಿ ಎತ್ತಿಕಟ್ಟಿ ಗುಂಡಿಯ ಅಂಚಿಗೆ ನಿಂತಿದ್ದರು. ನನ್ನನ್ನು ಕಂಡು ಆಕೆಯನ್ನು ಕೇಳಿದರು:

"ಇವರು ಯಾರಮ್ಮ?"

ನಾನು ಎದೆ ಸ್ವಲ್ಪ ಮುಂದೆ ಮಾಡಿದೆ. ಸ್ವಾಗತ ಸಮಿತಿ ಎಂಬ ಮಾತು ಬರುತ್ತದೆ ಎಂದುಕೊಂಡಿದ್ದೆ.

"ಇವರು ಉಕ್ಕಡಗಾತ್ರಿ ಸರ್," ಎಂದರು ಆಕೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓಹೋ! ನೀರು ಬತ್ತದಂಗೆ ಪಂಪ್ ಹೊಡೆದೋರು ಇವರೇನು? ನಮ್ಮತ್ತೆ ಒಂದು ಬಾಟ್ಲಿ ತುಂಬ್ಕೊಂಡು ಬಂದಿದ್ಲಪ್ಪ. ಇನ್ನೂ ದೇವರ ಮಾಡದಾಗೆ, ದೀಪದ ಪಕ್ಕ ಐತೆ."

ಭೂಮಿ ಬಾಯಿ ಬಿಡಲಿ ಎನಿಸಿತು. ಆದರೆ ಅಲ್ಲಿ ಭೂಮಿ ಆಗಲೇ ಬಾಯಿ ಬಿಟ್ಟಿತ್ತು, ಅದರ ತುಂಬ ನೀರಿತ್ತು. ಯಜಮಾನರು ಮಾತ್ರ ನಂಬಿಕೆಯಿಂದಲೇ ತಲೆಯಾಡಿಸಿದರು. "ಹಂಗಾದ್ರೆ ನಿಮಗೆ ನೀರಿನ ದಾರಿ ಗೊತ್ತೈತೆ ಬಿಡ್ರಿ. ಇಳೀರಿ ಸ್ವಾಮಿ, ಚಪ್ಪಲಿ ಬಿಟ್ಟು ಇಳೀರಿ, ಕೆಸರೈತೆ." ಹಾರ ಇಲ್ಲ, ಪೇಟ ಇಲ್ಲ. ಪ್ಯಾಂಟು ಮಡಿಚಿಕೊಂಡು ಇಳಿದೆ.

ಆಕೆ ಗಂಬೂಟು ಹಾಕಿಕೊಂಡು ಕಾಲುವೆಯ ಗೆರೆಗೆ ಸುಣ್ಣ ಹಾಕಿದರು, ಆಳುಗಳು ತೋಡಿದರು. ನಾನು ಪೈಪಿನ ಬಾಯಿ ಹಿಡಿದು ಚರಂಡಿಯ ತನಕ ನಡೆದು, ಅದು ಅಲ್ಲೇ ಇದೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡಿಬಂದೆ. ಸೋಮವಾರ ಬೆಳಿಗ್ಗೆ ಆಕೆ ಫೋನಿನಲ್ಲಿ ಒಂದು ಫೋಟೋ ಕಳಿಸಿದರು. ಗುಂಡಿಯ ತಳ ಕಾಣುತ್ತಿತ್ತು. ತಳದಲ್ಲಿ ನನ್ನ ಒಂದು ಚಪ್ಪಲಿಯೂ ಕಾಣುತ್ತಿತ್ತು. ಕೆಸರಿನ ಮಾತನ್ನು ನಾನು ಒಂದೇ ಕಾಲಿಗೆ ಅನ್ವಯಿಸಿಕೊಂಡಿದ್ದೆನೆಂದು ಆಗ ಗೊತ್ತಾಯಿತು.

ಮುಂದಿನ ತಿಂಗಳ ಸಭೆಗೆ ಆಕೆ ಬಂದರು. ಜೊತೆಗೆ ಹರಿಹರದ ಇನ್ನೊಬ್ಬ ಎಂಜಿನಿಯರನ್ನೂ ಕರೆದುಕೊಂಡು ಬಂದಿದ್ದರು. ಆತ ಮೆಟ್ಟಿಲಲ್ಲೇ ನನ್ನನ್ನು ನೋಡಿ, "ಪಂಪಿನವರು ನೀವೇ ಅಲ್ರೀ?" ಎಂದ. ಆಕೆ ಸೀದಾ ಹೋಗಿ ಕೈ ಮುರಿದ ಕುರ್ಚಿಯಲ್ಲಿ ಕೂತರು. ನಾನು ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿದೆ. ಆಕೆ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನಿಂತ್ಕೊಂಡೇ ಇದೀರಲ್ರಿ ಸರ್, ಕೂಡ್ರಿ" ಎಂದು ಹಿಂದಿನ ಸಾಲು ತೋರಿಸಿದರು. ಕೂತೆ.

ಅವತ್ತು ಎರಡು ನಿರ್ಣಯಗಳಾದವು. ಹೊಸಬರು ಬಂದಾಗ ಮೊದಲು ಗಾಡಿ, ಆಮೇಲೆ ಮಹಡಿ ಎಂಬುದು ಒಂದು. ಸ್ವಾಗತ ಸಮಿತಿಯನ್ನು ವಿಸರ್ಜಿಸುವುದು ಇನ್ನೊಂದು. ಎರಡನೆಯದನ್ನು ನಾನು ವಿರೋಧಿಸಿದೆ. ಸಮಿತಿಯ ಇತಿಹಾಸದಲ್ಲಿ ಸರ್ವಾನುಮತ ಮುರಿದದ್ದು ಅದೇ ಮೊದಲು. ಉಳಿದ ಶಾಲುಗಳನ್ನು ಮನೆಗೆ ತಂದೆ. ಹೆಂಡತಿ ಅವುಗಳನ್ನು ಮುಟ್ಟಿ ನೋಡಿ, ಚಳಿಗೆ ತಡೆಯುವುದಿಲ್ಲ ಎಂದು ತೀರ್ಪು ಕೊಟ್ಟು, ಮಿಕ್ಸಿಗೂ ಹೊಲಿಗೆ ಯಂತ್ರಕ್ಕೂ ಹೊದಿಸಿದಳು.

ಭಾನುವಳ್ಳಿಯ ಮನೆ ಹರಿಹರದ ಎಂಜಿನಿಯರ್ ಕೈಯಲ್ಲೇ ಉಳಿಯಿತು. ಈಗ ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದಿದೆ.